ಗಿರಣಿ ಮುಚ್ಚಿದ ಊರುಗಳ ದನಿ: ಗಾಥಿಕ್ ರಾಕ್ ಮತ್ತು ಎಕ್ಸ್‌ಟ್ರೀಮ್ ಮೆಟಲ್ ಕೂಡಿದ ಕಥೆ

1991ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಹ್ಯಾಲಿಫ್ಯಾಕ್ಸ್ ಎಂಬ ಊರಿನ ಐವರು ಹುಡುಗರು ತಮ್ಮ ಎರಡನೆಯ ಆಲ್ಬಮ್ ಹೊರತಂದರು. ತಂಡದ ಹೆಸರು ಪ್ಯಾರಡೈಸ್ ಲಾಸ್ಟ್. 1667ರಲ್ಲಿ ಮಿಲ್ಟನ್ ಪ್ರಕಟಿಸಿದ ಮಹಾಕಾವ್ಯದ ಹೆಸರದು. ಆಲ್ಬಮಿನ ಹೆಸರು ಒಂದೇ ಪದ: ‘ಗಾಥಿಕ್’. ಅದರ ಉದ್ದ ಸುಮಾರು 40 ನಿಮಿಷ. ಕಳೆದ ಐವತ್ತು ವರ್ಷಗಳ ಭಾರವಾದ ಸಂಗೀತದಲ್ಲಿ ನಿಜವಾಗಿ ದಾರಿ ಬದಲಿಸಿದ ಕೃತಿಗಳನ್ನು ಬೆರಳಲ್ಲಿ ಎಣಿಸಿ ಎಂದರೆ ನಾನು ಹಿಂದೆಮುಂದೆ ನೋಡದೆ ಇದನ್ನು ಎಣಿಸುತ್ತೇನೆ. ಹಾಗೆನ್ನಲು ಅಭಿಮಾನ ಒಂದೇ ಕಾರಣವಲ್ಲ. ಒಂದಕ್ಕೊಂದು ಮಾತೇ ಆಡದ ಎರಡು ಕೇರಿಗಳ ನಡುವೆ ಈ ಆಲ್ಬಮ್ ಗೋಡೆ ಒಡೆದು ಬಾಗಿಲಿಟ್ಟಿತು.

ಒಂದು ಕೇರಿ ಗಾಥಿಕ್ ರಾಕ್. ಪಂಕ್ ಸಂಗೀತದ ಬೂದಿಯಿಂದ 1970ರ ದಶಕದ ಕೊನೆಗೆ ಎದ್ದದ್ದು. ಮುಂದೆ ನಿಲ್ಲುವ ಬೇಸ್ ಗಿಟಾರ್, ಗುಹೆಯೊಳಗಿನಿಂದ ಬಂದಂತೆ ಮಾರ್ದನಿಸುವ ಡ್ರಮ್, ತಗ್ಗು ಸ್ಥಾಯಿಯ ಗಂಭೀರ ಕಂಠ, ಸಾವು ಮತ್ತು ವಿರಹದ ವಸ್ತು. ಇನ್ನೊಂದು ಕೇರಿ ಎಕ್ಸ್‌ಟ್ರೀಮ್ ಮೆಟಲ್. ಡೆತ್, ಡೂಮ್, ಬ್ಲ್ಯಾಕ್, ಗ್ರೈಂಡ್‌ಕೋರ್ ಎಂಬ ಹಲವು ಮನೆಗಳು ಒಂದೇ ಬೀದಿಯಲ್ಲಿರುವ ಕೇರಿ. ಇಲ್ಲಿ ತಂತಿಗಳನ್ನು ಸಡಿಲಿಸಿ ಗಿಟಾರಿನ ಶ್ರುತಿಯನ್ನು ತಗ್ಗಿಸುತ್ತಾರೆ. ಹಾಡುಗಾರ ಗಂಟಲಿನ ಸ್ವರತಂತುಗಳ ಮೇಲಿರುವ ಇನ್ನೊಂದು ಜೊತೆ ಮಡಿಕೆಗಳನ್ನೂ ಕಂಪಿಸಿ ಮನುಷ್ಯನದೋ ಮೃಗದ್ದೋ ಎಂದು ತಿಳಿಯದ ಗುಡುಗು ಹೊರಡಿಸುತ್ತಾನೆ. ಮೊದಲ ಕೇರಿಯವರಿಗೆ ಎರಡನೆಯದು ಒರಟರ ಗದ್ದಲ. ಎರಡನೆಯವರಿಗೆ ಮೊದಲನೆಯದು ಮುಖಕ್ಕೆ ಬಿಳಿ ಬಳಿದುಕೊಂಡವರ ನಾಜೂಕು. ಇವೆರಡೂ ಅದೇ ಊರುಗಳಲ್ಲಿ, ಅದೇ ಹೊತ್ತಿನಲ್ಲಿ, ಅದೇ ಸಂಕಟದಿಂದ ಹುಟ್ಟಿದವು ಎಂಬುದನ್ನು ಎರಡೂ ಕಡೆಯವರು ಬಹುಕಾಲ ಮರೆತಿದ್ದರು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ‘ಗಾಥಿಕ್’ ಪದ ಹೊಸದಲ್ಲ. ಅದರ ಬಾಳೇ ಒಂದು ಕಾದಂಬರಿ. ಕ್ರಿ.ಶ. 410ರಲ್ಲಿ ಅಲಾರಿಕ್‌ನ ಮುಂದಾಳ್ತನದಲ್ಲಿ ರೋಮ್ ನಗರವನ್ನು ಸೂರೆ ಮಾಡಿದ ಗಾಥ್ ಜನಾಂಗದ ಹೆಸರಿನಿಂದ ಬಂದದ್ದು ಅದು. ಸಾವಿರ ವರ್ಷದ ಮೇಲೆ ಇಟಲಿಯ ಪುನರುತ್ಥಾನ ಕಾಲದ ವಿದ್ವಾಂಸರು ತಮಗೆ ಸೇರದ ಮಧ್ಯಯುಗದ ಕಟ್ಟಡಗಳನ್ನು ಆ ಜನಾಂಗದ ಹೆಸರಿಟ್ಟು ಹಳಿದರು. ಪದ ಆಗ ಬೈಗುಳ. 1764ರಲ್ಲಿ ಹೊರೇಸ್ ವಾಲ್ಪೋಲ್ ‘ದ ಕ್ಯಾಸಲ್ ಆಫ್ ಒಟ್ರಾಂಟೊ’ ಬರೆದ. ಮರುವರ್ಷದ ಎರಡನೆಯ ಮುದ್ರಣದಲ್ಲಿ ಅದನ್ನು ‘ಗಾಥಿಕ್ ಕಥೆ’ ಎಂದು ಕರೆದ. ಅಲ್ಲಿಂದ ಆನ್ ರ‍್ಯಾಡ್‌ಕ್ಲಿಫ್, 1818ರ ‘ಫ್ರಾಂಕೆನ್‌ಸ್ಟೈನ್’, 1897ರ ‘ಡ್ರಾಕ್ಯುಲಾ’ದವರೆಗೆ ಬೈಗುಳವೇ ಬಿರುದಾಯಿತು. ಬೈದ ಮಾತನ್ನೇ ಹೆಮ್ಮೆಯಿಂದ ಹೊದ್ದುಕೊಳ್ಳುವುದು ಈ ಪದದ ಹಳೆಯ ಚಾಳಿ. ಡೆತ್ ಮೆಟಲ್ ಹುಡುಗರು ಅದನ್ನು ತಮ್ಮ ಆಲ್ಬಮಿನ ಮುಖಕ್ಕೆ ಅಂಟಿಸಿಕೊಂಡಾಗ ಆಗಿದ್ದೂ ಅದೇ.

ಕಥೆಯನ್ನು ಸ್ವಲ್ಪ ಹಿಂದಿನಿಂದ, ಬರ್ಮಿಂಗ್‌ಹ್ಯಾಮಿನಿಂದ ಹಿಡಿಯಬೇಕು. ಕಬ್ಬಿಣ, ತಗಡು, ಮೋಟಾರುಗಳ ಊರದು. ಟೋನಿ ಅಯೋಮಿ ಎಂಬ 17ರ ಹುಡುಗ ತಗಡಿನ ಕಾರ್ಖಾನೆಯಲ್ಲಿ ತನ್ನ ಕೆಲಸದ ಕೊನೆಯ ದಿನ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿಗಳನ್ನು ಕಳೆದುಕೊಂಡ. ಅವನು ಎಡಗೈ ವಾದಕ. ತಂತಿ ಒತ್ತಬೇಕಾದದ್ದು ಆ ಬಲಗೈ ಬೆರಳುಗಳೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳು ತಂತಿ ಹಾಕಿದ, ಮುಂದೆ 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಹೊತ್ತಿಗೆ ಹಲವು ಹಾಡುಗಳಲ್ಲಿ ಗಿಟಾರಿನ ಶ್ರುತಿಯನ್ನೇ ಮೂರು ಅರೆಸ್ವರ ತಗ್ಗಿಸಿದ. 1970ರ ಫೆಬ್ರವರಿ 13ರ ಶುಕ್ರವಾರ ಹೊರಬಂದ ಬ್ಲ್ಯಾಕ್ ಸಬತ್ ತಂಡದ ಮೊದಲ ಆಲ್ಬಮಿನಿಂದ ಹೆವಿ ಮೆಟಲ್‌ನ ಚರಿತ್ರೆಯನ್ನು ಎಣಿಸುವುದು ವಾಡಿಕೆ. ಹಾಗಿದ್ದರೆ ಆ ಚರಿತ್ರೆಯ ಮೊದಲ ಪುಟದಲ್ಲಿರುವುದು ಒಬ್ಬ ಕಾರ್ಮಿಕನ ಗಾಯ. ಭಾರವಾದ, ತಗ್ಗಿದ ಆ ನಾದವನ್ನು ಸೈತಾನನ ಸಂಗೀತ ಎಂದು ಹೆದರಿದವರು ಅದರ ಬೆರಳಿನ ಕಥೆ ಕೇಳಿದವರಲ್ಲ.

ಗಾಥಿಕ್ ರಾಕ್‌ನ ಹುಟ್ಟು 1979ರ ಸುತ್ತ. ಆ ಜೂನ್‌ನಲ್ಲಿ ಮ್ಯಾಂಚೆಸ್ಟರ್ ಸೀಮೆಯ ಜಾಯ್ ಡಿವಿಷನ್ ತಂಡದ ‘ಅನ್‌ನೋನ್ ಪ್ಲೆಷರ್ಸ್’ ಬಂತು. ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಒಂದೊಂದು ವಾದ್ಯದ ಸುತ್ತ ಖಾಲಿ ಜಾಗ ಬಿಟ್ಟು, ಮುಚ್ಚಿದ ಕಾರ್ಖಾನೆಯೊಳಗೆ ನಿಂತ ಅನುಭವ ಕೊಟ್ಟ. ಅದೇ ಆಗಸ್ಟ್‌ನಲ್ಲಿ ನಾರ್ಥಾಂಪ್ಟನ್ನಿನ ಬೌಹೌಸ್ ತಂಡ ‘ಬೇಲಾ ಲುಗೋಸೀಸ್ ಡೆಡ್’ ಎಂಬ ಒಂಬತ್ತು ನಿಮಿಷ ಮೀರಿದ ಹಾಡು ತಂದಿತು. ಹೆಸರಿನಲ್ಲಿರುವವನು ಬೆಳ್ಳಿತೆರೆಯ ಡ್ರಾಕ್ಯುಲಾ ನಟ. 1981ರಲ್ಲಿ ಸೂಕ್ಸಿ ಆ್ಯಂಡ್ ದ ಬ್ಯಾನ್‌ಶೀಸ್ ತಂಡದ ‘ಜೂಜೂ’, 1982ರಲ್ಲಿ ದ ಕ್ಯೂರ್ ತಂಡದ ‘ಪೋರ್ನೋಗ್ರಫಿ’ ಬಂದವು. ನನಗೆ ಈ ನಾಲ್ಕರಲ್ಲಿ ‘ಜೂಜೂ’ ಎಲ್ಲಕ್ಕಿಂತ ಮೇಲು. ಉಳಿದವುಗಳಲ್ಲಿ ಕತ್ತಲೆ ಒಂದು ಮನಸ್ಥಿತಿ. ‘ಜೂಜೂ’ದಲ್ಲಿ ಕತ್ತಲೆಗೆ ಹಲ್ಲಿದೆ, ಕುಣಿತವಿದೆ, ಅದರ ನಡುವೆ ಯಾರಿಗೂ ತಲೆಬಾಗದೆ ನಿಂತ ಹೆಣ್ಣಿದ್ದಾಳೆ. ಈ ಕೊನೆಯ ಮಾತಿಗೆ ಆಮೇಲೆ ಮರಳುತ್ತೇನೆ.

ಯಾರ್ಕ್‌ಶೈರ್‌ಗೆ ಈ ಗಾಳಿ ತಲುಪಿದ್ದು ಲೀಡ್ಸ್ ನಗರದ ಮೂಲಕ. 1980ರಲ್ಲಿ ಅಲ್ಲಿ ದ ಸಿಸ್ಟರ್ಸ್ ಆಫ್ ಮರ್ಸಿ ಹುಟ್ಟಿತು. ಆಕ್ಸ್‌ಫರ್ಡ್‌ನಲ್ಲಿ ಫ್ರೆಂಚ್, ಜರ್ಮನ್ ಓದಿ ಲೀಡ್ಸ್‌ಗೆ ಚೀನೀ ಭಾಷೆ ಕಲಿಯಲು ಬಂದಿದ್ದ ಆಂಡ್ರ್ಯೂ ಎಲ್‌ಡ್ರಿಚ್ ಅದರ ಕಂಠ ಮತ್ತು ಮಿದುಳು. ತಂಡಕ್ಕೆ ಡ್ರಮ್ ಬಾರಿಸುವವನಿಲ್ಲ, ಅದೊಂದು ಯಂತ್ರ. ಅದಕ್ಕೆ ‘ಡಾಕ್ಟರ್ ಅವಲಾಂಚ್’ ಎಂದು ನಾಮಕರಣ ಮಾಡಿ ತಂಡದ ಸದಸ್ಯನೆಂದೇ ಲೆಕ್ಕಕ್ಕೆ ಹಿಡಿದರು. ಆ ಹೊತ್ತಿನ ಇಂಗ್ಲೆಂಡನ್ನು ನೆನೆಯಿರಿ. 1982ರ ಜನವರಿಯಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತು. 1984ರ ಮಾರ್ಚ್‌ನಲ್ಲಿ ಶುರುವಾದ ಗಣಿ ಕಾರ್ಮಿಕರ ಮುಷ್ಕರ ಒಂದು ವರ್ಷ ನಡೆದು 1985ರ ಮಾರ್ಚ್‌ನಲ್ಲಿ ಸೋತಿತು; ಯಾರ್ಕ್‌ಶೈರ್ ಅದರ ಎದೆಗೂಡು. ಸಿಸ್ಟರ್ಸ್ ತಂಡದ ಮೊದಲ ಆಲ್ಬಮ್ ‘ಫರ್ಸ್ಟ್ ಆ್ಯಂಡ್ ಲಾಸ್ಟ್ ಆ್ಯಂಡ್ ಆಲ್ವೇಸ್’ ಬಂದದ್ದು ಅದೇ ತಿಂಗಳು. ಅದು ಮುಷ್ಕರದ ಬಗೆಗಿನ ಆಲ್ಬಮ್ ಅಲ್ಲ, ಹಾಗೆ ಓದುವುದು ತಪ್ಪು. ಆದರೆ ಅದನ್ನು ಕೊಂಡು ಮನೆಗೆ ಒಯ್ದ ಹುಡುಗ ಹುಡುಗಿಯರ ಬೀದಿಯಲ್ಲಿ ಆ ಸೋಲು ಇತ್ತು. 1987ರ ‘ಫ್ಲಡ್‌ಲ್ಯಾಂಡ್’ ಬೇರೆಯೇ ಎತ್ತರದ್ದು. ಅದರ ‘ದಿಸ್ ಕರೋಷನ್’ ಹಾಡಿನಲ್ಲಿ 40 ಕಂಠಗಳ ವೃಂದಗಾನವಿದೆ. ‘ಡೊಮಿನಿಯನ್’ ಹಾಡು ಮರಳಲ್ಲಿ ಹೂತುಹೋದ ದೊರೆಯ ಬಗ್ಗೆ ಶೆಲ್ಲಿ ಬರೆದ ಸಾನೆಟ್ಟಿನಿಂದ ಎರವಲು ಪಡೆಯುತ್ತದೆ. ಎಲ್‌ಡ್ರಿಚ್ ಮಾತ್ರ ತನ್ನನ್ನು ‘ಗಾಥ್’ ಎಂದು ಕರೆದವರನ್ನೆಲ್ಲ ಇಂದಿಗೂ ತಳ್ಳಿಹಾಕುತ್ತಾ ಬಂದಿದ್ದಾನೆ. ಕಿರೀಟ ಬೇಡವೆಂದರೂ ಬಿಡದ ಜನ ಎಲ್ಲ ಕಡೆಯೂ ಇರುತ್ತಾರೆ.

ಅದೇ ವರ್ಷ, 1987ರಲ್ಲಿ, ಬರ್ಮಿಂಗ್‌ಹ್ಯಾಮಿನ ನೇಪಾಮ್ ಡೆತ್ ತಂಡದ ‘ಸ್ಕಮ್’ ಬಂತು. 28 ಹಾಡು, ಅದರಲ್ಲೊಂದು ‘ಯು ಸಫರ್’, ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು, ಗಿನ್ನೆಸ್ ದಾಖಲೆಯಲ್ಲಿ ಜಗತ್ತಿನ ಅತಿ ಚಿಕ್ಕ ಹಾಡು. ನಗೆಯಾಟವೆನಿಸಬಹುದು. ನನಗದು ಹಾಗೆನಿಸಿಲ್ಲ. ಕಂಪನಿಗಳ ದುರಾಸೆಯ ಬಗ್ಗೆ ಇಪ್ಪತ್ತರ ಆಸುಪಾಸಿನ ಹುಡುಗರಿಗೆ ಬಂದ ಸಿಟ್ಟಿಗೆ ಹಾಡಿನ ಮಾಮೂಲಿ ಅಳತೆ ಸಾಲಲಿಲ್ಲ, ಅಷ್ಟೆ. ಆಲ್ಬಮಿನ ಎರಡು ಬದಿಗಳನ್ನು ನುಡಿಸಿದವರು ಬೇರೆ ಬೇರೆ. ಎರಡರಲ್ಲೂ ಇದ್ದವನು ಡ್ರಮ್ ಬಾರಿಸಿದ ಮಿಕ್ ಹ್ಯಾರಿಸ್ ಒಬ್ಬನೇ. ಮೊದಲ ಬದಿಯಲ್ಲಿ ಗಿಟಾರ್ ನುಡಿಸಿದ ಜಸ್ಟಿನ್ ಬ್ರಾಡ್ರಿಕ್ ಮುಂದೆ ಗಾಡ್‌ಫ್ಲೆಶ್ ತಂಡ ಕಟ್ಟಿ 1989ರಲ್ಲಿ ‘ಸ್ಟ್ರೀಟ್‌ಕ್ಲೀನರ್’ ತಂದ. ಅಲ್ಲೂ ಡ್ರಮ್ ಬಾರಿಸುವುದು ಯಂತ್ರವೇ! ಎರಡನೆಯ ಬದಿಯಲ್ಲಿ ಹಾಡಿದ ಲೀ ಡೊರಿಯನ್ 1991ರಲ್ಲಿ ಕ್ಯಾಥೀಡ್ರಲ್ ತಂಡದ ‘ಫಾರೆಸ್ಟ್ ಆಫ್ ಈಕ್ವಿಲಿಬ್ರಿಯಮ್’ನಲ್ಲಿ ಆಮೆಗಿಂತ ನಿಧಾನವಾಗಿ ಹಾಡಿದ. ಜಗತ್ತಿನ ಅತಿ ವೇಗದ ಸಂಗೀತ ಮಾಡಿದ ಮನುಷ್ಯ ನಾಲ್ಕೇ ವರ್ಷದಲ್ಲಿ ಅತಿ ನಿಧಾನದತ್ತ ಹೊರಳಿದ. ಸಿಟ್ಟು ಸುಸ್ತಾದ ಮೇಲೆ ಶೋಕವಾಗುತ್ತದೆ. ಎಕ್ಸ್‌ಟ್ರೀಮ್ ಮೆಟಲ್ ಗಾಥಿಕ್ ಕಡೆಗೆ ನಡೆದದ್ದಕ್ಕೆ ಒಳಗಿನ ಕಾರಣ ಇದೇ ಎಂದು ನನ್ನ ನಂಬಿಕೆ.

ಹೊರಗಿನ ಕಾರಣವೂ ಇದೆ. ಸ್ವಿಟ್ಜರ್ಲೆಂಡಿನ ಸೆಲ್ಟಿಕ್ ಫ್ರಾಸ್ಟ್ ತಂಡ 1987ರಲ್ಲೇ ‘ಇನ್‌ಟು ದ ಪ್ಯಾಂಡಮೋನಿಯಮ್’ನಲ್ಲಿ ಪಿಟೀಲು, ಹೆಣ್ಣು ಕಂಠ, ಬೋದಿಲೇರನ ಕವಿತೆ ಎಲ್ಲವನ್ನೂ ಮೆಟಲ್ ಒಳಗೆ ತಂದಿತ್ತು. ಆದರೆ ಅದು ಅಂಗಡಿಯ ಎಲ್ಲ ಸಾಮಾನನ್ನೂ ಒಮ್ಮೆಗೇ ಬೀದಿಗೆ ಹರವಿದಂತಹ ಆಲ್ಬಮ್. ಅದರಿಂದ ಏನನ್ನು ಆರಿಸಬೇಕು, ಏನನ್ನು ಬಿಡಬೇಕು ಎಂದು ಇನ್ನೊಬ್ಬರು ತಿಳಿಸಬೇಕಿತ್ತು.

ಆ ಇನ್ನೊಬ್ಬರು 1988ರಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ ಕೂಡಿದರು. ಉಣ್ಣೆ ಮತ್ತು ರತ್ನಗಂಬಳಿಗಳ ಊರು ಅದು. ಅಲ್ಲಿನ ಡೀನ್ ಕ್ಲಫ್ ಗಿರಣಿ ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಕಂಬಳಿ ಕಾರ್ಖಾನೆಗಳಲ್ಲೊಂದು. 1980ರ ದಶಕದ ಆರಂಭದಲ್ಲಿ ಅದರ ಯಂತ್ರಗಳು ನಿಂತವು. ಪಕ್ಕದ ಬ್ರ್ಯಾಡ್‌ಫರ್ಡಿನ ಲಿಸ್ಟರ್ ರೇಷ್ಮೆ ಗಿರಣಿ 1992ರಲ್ಲಿ ಮುಚ್ಚಿತು. ನೂರು ವರ್ಷದ ಹಿಂದೆ, 1890-91ರಲ್ಲಿ, ಅದೇ ಗಿರಣಿಯ ಕಾರ್ಮಿಕರ ಮುಷ್ಕರ ಬ್ರಿಟನ್ನಿನ ಕಾರ್ಮಿಕ ರಾಜಕಾರಣಕ್ಕೆ ನಾಂದಿ ಹಾಡಿತ್ತು. ಡ್ಯೂಸ್‌ಬರಿಯಲ್ಲಿ ಪಂಕ್ ಚಳವಳಿಯಿಂದ ಬಂದವನೊಬ್ಬ ಪೀಸ್‌ವಿಲ್ ಎಂಬ ಸಣ್ಣ ಧ್ವನಿಮುದ್ರಣ ಸಂಸ್ಥೆ ನಡೆಸುತ್ತಿದ್ದ. ಪ್ಯಾರಡೈಸ್ ಲಾಸ್ಟ್, ಬ್ರ್ಯಾಡ್‌ಫರ್ಡಿನ ಮೈ ಡೈಯಿಂಗ್ ಬ್ರೈಡ್, ಲಿವರ್‌ಪೂಲಿನ ಅನಾಥಮಾ ಈ ಮೂರೂ ತಂಡಗಳನ್ನು ಅಭಿಮಾನಿಗಳು ಇಂದಿಗೂ ‘ಪೀಸ್‌ವಿಲ್ ಮೂವರು’ ಎನ್ನುತ್ತಾರೆ.

‘ಗಾಥಿಕ್’ ಆಲ್ಬಮಿನಲ್ಲಿ ಆದದ್ದೇನು? ಶೀರ್ಷಿಕೆಯ ಹಾಡನ್ನೇ ಕೇಳಿ. ಕೆಳಗೆ ಡೂಮ್ ಮೆಟಲ್‌ನ ಭಾರ, ಅದರ ಮೇಲೆ ಗ್ರೆಗರ್ ಮ್ಯಾಕಿಂಟಾಶ್‌ನ ಒಂಟಿ ಗಿಟಾರ್ ಎಳೆ. ಸಾಮಾನ್ಯ ಮೆಟಲ್‌ನಲ್ಲಿ ಗಿಟಾರ್ ಏಕವಾದನ ಹಾಡಿನ ನಡುವೆ ಬಂದು ಬೆರಳ ಚಳಕ ತೋರಿಸಿ ಹೋಗುತ್ತದೆ. ಇಲ್ಲಿ ಹಾಗಿಲ್ಲ, ಅದು ಹಾಡಿನುದ್ದಕ್ಕೂ ಅಳುತ್ತಲೇ ಇರುತ್ತದೆ, ಎರಡನೆಯ ಗಾಯಕನಂತೆ. ಗಾಥಿಕ್ ರಾಕ್‌ನಿಂದ ಮೆಟಲ್‌ಗೆ ಬಂದ ಮುಖ್ಯ ಎರವಲು ಇದು. ನಿಕ್ ಹೋಮ್ಸ್‌ನ ಗುಡುಗು ದನಿ, ಅದರ ಬೆನ್ನಿಗೆ ಅತಿಥಿ ಗಾಯಕಿ ಸಾರಾ ಮ್ಯಾರಿಯನ್‌ಳ ತಿಳಿ ಕಂಠ, ಹಿಂದೆ ವಾದ್ಯವೃಂದದ ಮೋಡ. ಈ ತಂಡ ತನ್ನ ಸಾಲವನ್ನು ಬಚ್ಚಿಡಲೂ ಇಲ್ಲ. 1990ರ ದಶಕದ ಮಧ್ಯದಲ್ಲಿ ಸಿಸ್ಟರ್ಸ್ ಆಫ್ ಮರ್ಸಿಯ ‘ವಾಕ್ ಅವೇ’ ಹಾಡನ್ನು ತಾವೇ ನುಡಿಸಿ ಧ್ವನಿಮುದ್ರಿಸಿದರು.

ಇದನ್ನು ನಮ್ಮ ರಸವಿಚಾರದ ಭಾಷೆಯಲ್ಲಿ ಹೇಳಿದರೆ ಇನ್ನೂ ಸ್ಪಷ್ಟವಾಗುತ್ತದೆ. ಎಕ್ಸ್‌ಟ್ರೀಮ್ ಮೆಟಲ್ ಅಲ್ಲಿಯವರೆಗೆ ರೌದ್ರ, ಭಯಾನಕ, ಬೀಭತ್ಸ ಈ ಮೂರರಲ್ಲೇ ಸುತ್ತುತ್ತಿತ್ತು. ಹೆಣ, ರಕ್ತ, ಯುದ್ಧ. ಕೇಳುಗ ಬೆಚ್ಚುತ್ತಿದ್ದ, ಕರಗುತ್ತಿರಲಿಲ್ಲ. ‘ಗಾಥಿಕ್’ ಅದಕ್ಕೆ ಕರುಣವನ್ನು ತಂದಿತು. ಕರುಣವೇ ಮೂಲ, ಉಳಿದ ರಸಗಳು ಅದರ ರೂಪಾಂತರ ಎಂಬ ಭವಭೂತಿಯ ನಿಲುವನ್ನು ಒಪ್ಪುವವರಿಗೆ ಹ್ಯಾಲಿಫ್ಯಾಕ್ಸ್‌ನ ಹುಡುಗರಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಗುಡುಗುವ ಕಂಠ ಅಲ್ಲಿ ಹೆದರಿಸುವುದನ್ನು ಬಿಟ್ಟು ಗೋಳಿಡತೊಡಗಿತು. ಕಂಠ ಅದೇ, ರಸ ಬೇರೆ.

ಪ್ಯಾರಡೈಸ್ ಲಾಸ್ಟ್ ಬಾಗಿಲು ತೆರೆಯಿತು ನಿಜ. ಆ ಮನೆಯ ಅತಿ ಸುಂದರ ಕೋಣೆಯನ್ನು ಕಟ್ಟಿದ್ದು ಮೈ ಡೈಯಿಂಗ್ ಬ್ರೈಡ್. 1993ರ ‘ಟರ್ನ್ ಲೂಸ್ ದ ಸ್ವಾನ್ಸ್’ ಈ ಇಡೀ ಪರಂಪರೆಯ ಶಿಖರ ಎಂದು ನಾನು ವಾದಿಸಬಲ್ಲೆ. ಮೆಟಲ್ ಆಲ್ಬಮಿನ ಮೊದಲ ಹಾಡಿನಲ್ಲಿ ಅಬ್ಬರದ ಗಿಟಾರೇ ಇಲ್ಲ! ಪಿಯಾನೊ, ಮಾರ್ಟಿನ್ ಪವೆಲ್‌ನ ಪಿಟೀಲು, ಆ್ಯರನ್ ಸ್ಟೇನ್‌ಥಾರ್ಪ್‌ನ ದಣಿದ ದನಿ, ಅಷ್ಟೆ. ಆಮೇಲೆ ಬೆಟ್ಟ ಕುಸಿದಂತೆ ಗಿಟಾರುಗಳು ಬರುತ್ತವೆ. ಪಿಟೀಲು ಇಲ್ಲಿ ಒಡವೆಯಲ್ಲ, ಗಿಟಾರಿಗೆ ಸಮನಾಗಿ ನಿಂತು ರಾಗ ಎಳೆಯುತ್ತದೆ. ಪ್ಯಾರಡೈಸ್ ಲಾಸ್ಟ್‌ನ 1995ರ ‘ಡ್ರಾಕೋನಿಯನ್ ಟೈಮ್ಸ್’ ಹೆಚ್ಚು ಜನಪ್ರಿಯ, ಹೆಚ್ಚು ಹದವಾದದ್ದು. ಆದರೆ ಹದ ಬಂದಾಗ ಒಂದಿಷ್ಟು ಅಪಾಯ ಕಳೆದುಹೋಗುತ್ತದೆ. ‘ಸ್ವಾನ್ಸ್’ನಲ್ಲಿ ಆ ಅಪಾಯ ಇನ್ನೂ ಉಸಿರಾಡುತ್ತಿದೆ.

ಅಲ್ಲಿಂದ ಇದು ಹಬ್ಬಿದ ವೇಗ ಬೆರಗು ಹುಟ್ಟಿಸುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ನಗರದ ಉದ್ಯಾನ ಇಲಾಖೆಯಲ್ಲಿ ದುಡಿದಿದ್ದ ಪೀಟರ್ ಸ್ಟೀಲ್ ತನ್ನ ಟೈಪ್ ಓ ನೆಗೆಟಿವ್ ತಂಡದೊಂದಿಗೆ 1993ರಲ್ಲಿ ‘ಬ್ಲಡಿ ಕಿಸಸ್’ ತಂದ. ಗಾಥಿಕ್ ಲೋಕಕ್ಕೆ ತೀರಾ ಬೇಕಾಗಿದ್ದ ಒಂದನ್ನು ಅವನು ಕೊಟ್ಟ: ತನ್ನನ್ನೇ ನೋಡಿ ನಗುವ ಗುಣ. ಸ್ವೀಡನ್ನಿನ ಟಿಯಾಮಾಟ್ ತಂಡದ ‘ವೈಲ್ಡ್‌ಹನಿ’ 1994ರಲ್ಲಿ, ಪೋರ್ಚುಗಲ್‌ನ ಮೂನ್‌ಸ್ಪೆಲ್ ತಂಡದ ‘ವುಲ್ಫ್‌ಹಾರ್ಟ್’ 1995ರಲ್ಲಿ ಬಂದವು. ಇದೇ ಹೊತ್ತಿಗೆ ನಾರ್ವೆಯ ಬ್ಲ್ಯಾಕ್ ಮೆಟಲ್ ಕತ್ತಲನ್ನು ಬೇರೆಯೇ ರೀತಿ ಓದಿತು. 1992ರ ಜೂನ್‌ನಲ್ಲಿ ಫಾಂಟಾಫ್ಟ್‌ನ ಮರದ ಚರ್ಚು ಸುಟ್ಟು ಬೂದಿಯಾಯಿತು. ಇನ್ನೂ ಹಲವಕ್ಕೆ ಬೆಂಕಿ ಬಿತ್ತು. ಯಾರ್ಕ್‌ಶೈರ್‌ನವರು ಹಾಳಾದುದನ್ನು ನೋಡಿ ಅತ್ತವರು. ಅಲ್ಲಿನ ಕೆಲವರು ಹಾಳುಮಾಡಿ ಹೆಮ್ಮೆಪಟ್ಟವರು. ಎರಡನ್ನೂ ‘ಕರಾಳ ಸಂಗೀತ’ ಎಂಬ ಒಂದೇ ಗೋಣಿಗೆ ತುಂಬುವುದು ಇತಿಹಾಸಕ್ಕೂ ಅನ್ಯಾಯ, ನೀತಿಗೂ ಅನ್ಯಾಯ.

ಹೊಗಳಿಕೆಯ ನಡುವೆ ಒಂದು ತಕರಾರನ್ನು ದಾಖಲಿಸಲೇಬೇಕು. ಗಾಥಿಕ್ ಕಾದಂಬರಿಯನ್ನು ಬೆಳೆಸಿದವರು ಹೆಂಗಸರು. ರ‍್ಯಾಡ್‌ಕ್ಲಿಫ್, ಮೇರಿ ಶೆಲ್ಲಿ, ಬ್ರಾಂಟಿ ಸೋದರಿಯರು. ಗಾಥಿಕ್ ರಾಕ್‌ನ ನಡುಮನೆಯಲ್ಲಿ ಸೂಕ್ಸಿ ಇದ್ದಳು. ಅದೇ ಗಾಥಿಕ್ ಮೆಟಲ್‌ಗೆ ಬರುವ ಹೊತ್ತಿಗೆ ಹೆಣ್ಣು ಅತಿಥಿ ಗಾಯಕಿಯಾದಳು. ಗಂಡಿನ ಗರ್ಜನೆಯ ಹಿಂದೆ ದೇವದೂತಿಯಂತೆ ತೇಲುವ ದನಿಯಾದಳು. ನಾರ್ವೆಯ ಥಿಯೇಟರ್ ಆಫ್ ಟ್ರ್ಯಾಜಿಡಿ ತಂಡ 1995ರಲ್ಲಿ ಲಿವ್ ಕ್ರಿಸ್ಟೀನ್‌ಳನ್ನು ಪೂರ್ಣ ಸದಸ್ಯೆಯಾಗಿ ತಂದು ಸಂವಾದದ ಹಾಡುಗಳನ್ನು ಕಟ್ಟಿತು, ನಿಜ. ಆದರೆ ಅದನ್ನು ನಕಲು ಮಾಡಿದ ತಂಡಗಳು ‘ಸುಂದರಿ ಮತ್ತು ರಾಕ್ಷಸ’ ಎಂಬ ಅಚ್ಚಿಗೆ ಹಾಡುಗಳನ್ನು ಎರೆದವು. ಅದೇ 1995ರಲ್ಲಿ ನೆದರ್‌ಲ್ಯಾಂಡ್ಸ್‌ನ ದ ಗ್ಯಾದರಿಂಗ್ ತಂಡ ‘ಮ್ಯಾಂಡಿಲಿಯನ್’ನಲ್ಲಿ ರಾಕ್ಷಸನನ್ನೇ ಹೊರಗಿಟ್ಟು ಆನೆಕಾ ವಾನ್ ಗೀರ್ಸ್‌ಬರ್ಗನ್‌ಳ ಕಂಠಕ್ಕೆ ಇಡೀ ಆಲ್ಬಮನ್ನು ಒಪ್ಪಿಸಿತು. ಇತ್ತ ಕವೆಂಟ್ರಿಯ ಬೋಲ್ಟ್ ಥ್ರೋವರ್ ತಂಡದಲ್ಲಿ ಜೋ ಬೆಂಚ್ 1987ರಿಂದಲೇ ಬೇಸ್ ಗಿಟಾರ್ ಹಿಡಿದು ಯಾರ ಅಲಂಕಾರವೂ ಆಗದೆ ನಿಂತಿದ್ದಳು. ದಾರಿ ಇತ್ತು, ಹೆಚ್ಚಿನವರು ಅದನ್ನು ತುಳಿಯಲಿಲ್ಲ.

ಬ್ರಾಂಟಿ ಸೋದರಿಯರ ಹೆಸರೆತ್ತಿದ ಮೇಲೆ ಒಂದು ಆಕರ್ಷಕ ವಾದವನ್ನು ಪರೀಕ್ಷಿಸಬೇಕು. ಅವರ ಊರು ಹಾವರ್ತ್ ಬ್ರ್ಯಾಡ್‌ಫರ್ಡಿಗೂ ಹ್ಯಾಲಿಫ್ಯಾಕ್ಸಿಗೂ ಹತ್ತಿರ. 1847ರಲ್ಲಿ ‘ವದರಿಂಗ್ ಹೈಟ್ಸ್’ ಪ್ರಕಟಿಸಿದ ಎಮಿಲಿ ಅದಕ್ಕೂ ಮುಂಚೆ ಹ್ಯಾಲಿಫ್ಯಾಕ್ಸ್ ಬಳಿಯ ಶಾಲೆಯೊಂದರಲ್ಲಿ ಪಾಠ ಹೇಳಿದ್ದಳು. ಡ್ರಾಕ್ಯುಲಾ ಇಂಗ್ಲೆಂಡಿಗೆ ಬಂದಿಳಿಯುವ ವಿಟ್‌ಬಿ ಬಂದರೂ ಯಾರ್ಕ್‌ಶೈರ್‌ನದೇ. ಹಾಗಾಗಿ ‘ಆ ಗಾಳಿ, ಆ ಮಂಜು, ಆ ಬೋಳುಗುಡ್ಡಗಳೇ ಈ ಸಂಗೀತವನ್ನು ಹುಟ್ಟಿಸಿದವು’ ಎನ್ನುವವರಿದ್ದಾರೆ. ಕೇಳಲು ಚೆನ್ನ. ಆದರೆ ಮಂಜು ನೂರಾರು ವರ್ಷದಿಂದ ಇತ್ತು. ಡೂಮ್ ಮೆಟಲ್ ಇರಲಿಲ್ಲ. ಸಂಗೀತ ಹುಟ್ಟಲು ಕೆಲಸವಿಲ್ಲದ ಬಿಡುವು, ಅಗ್ಗದ ಅಭ್ಯಾಸದ ಜಾಗ, ಅಂಚೆಯಲ್ಲಿ ಕೈಬದಲಾಗುವ ಕ್ಯಾಸೆಟ್ಟು, ಸೋಲಿಗೆ ಹೆದರದ ಸಣ್ಣ ಧ್ವನಿಮುದ್ರಣ ಸಂಸ್ಥೆ ಬೇಕು. 1980ರ ದಶಕದ ಕೊನೆಗೆ ಇವೆಲ್ಲ ಅಲ್ಲಿ ಒಟ್ಟಿಗೆ ಸೇರಿದ್ದವು. ನಿಸರ್ಗ ರೂಪಕಗಳನ್ನು ಕೊಟ್ಟಿತು. ಆ ರೂಪಕಗಳನ್ನು ಹುಡುಕುವ ಅಗತ್ಯವನ್ನು ಮುಚ್ಚಿದ ಗಿರಣಿಗಳು ಕೊಟ್ಟವು.

ಕ್ಯಾಸೆಟ್ಟುಗಳ ಈ ಹಾದಿ ಬೆಂಗಳೂರಿನವರೆಗೂ ಬಂತು. 1990ರ ದಶಕದ ಆರಂಭದಲ್ಲೇ ಇಲ್ಲಿ ಡೈಯಿಂಗ್ ಎಂಬ್ರೇಸ್ ಎಂಬ ತಂಡ ಡೂಮ್ ಮತ್ತು ಡೆತ್ ಮೆಟಲ್ ಬೆರೆಸಿ ನುಡಿಸುತ್ತಿತ್ತು. ಯಾರ್ಕ್‌ಶೈರ್‌ನ ತಂಡಗಳು ಅದೇ ಬೆರಕೆಯನ್ನು ಹದಕ್ಕೆ ತರುತ್ತಿದ್ದ ಹೊತ್ತು ಅದು. ಮುಂದೆ 2012ರಲ್ಲಿ ಮೊದಲ ಆಲ್ಬಮ್ ತಂದ ಬೆಂಗಳೂರಿನ ಡೂಮ್ ತಂಡವೊಂದರ ಹೆಸರು ‘ಬೆವರ್ ಸೀ’. ಇಂಗ್ಲಿಷ್‌ನಲ್ಲಿ ಬರೆದರೆ ಕಡಲಿನ ನೆನಪು, ಬಾಯಿಬಿಟ್ಟು ಹೇಳಿದರೆ ನಮ್ಮ ಅಪ್ಪಟ ಬೈಗುಳ! ಬೈಗುಳವನ್ನೇ ಬಿರುದಾಗಿಸಿಕೊಂಡ ‘ಗಾಥಿಕ್’ ಪದದ ಚಾಳಿ ಕನ್ನಡದಲ್ಲೂ ಹೀಗೆ ಮುಂದುವರಿದಿದೆ.

ಹೊಸದಾಗಿ ಕೇಳುವವರಿಗೆ ನನ್ನ ಸಲಹೆ ಇದು. ಮೊದಲು ‘ಅನ್‌ನೋನ್ ಪ್ಲೆಷರ್ಸ್’ ಕೇಳಿ, ಆಮೇಲೆ ‘ಜೂಜೂ’, ‘ಫ್ಲಡ್‌ಲ್ಯಾಂಡ್’. ಅಲ್ಲಿಂದ ನೇರ ‘ಸ್ಕಮ್’ಗೆ ಹಾರಿ, ಬೆಚ್ಚಿಬೀಳಿ, ಪರವಾಗಿಲ್ಲ. ಅದಾದ ಮೇಲೆ ‘ಗಾಥಿಕ್’, ಕೊನೆಗೆ ‘ಟರ್ನ್ ಲೂಸ್ ದ ಸ್ವಾನ್ಸ್’. ಗುಡುಗು ಕಂಠಕ್ಕೆ ಕಿವಿ ಹೊಂದಲು ಮೂರ್ನಾಲ್ಕು ಸಲ ಕೇಳಬೇಕಾಗಬಹುದು. ಹಳಗನ್ನಡ ಓದಲು ಕಲಿತವರಿಗೆ ಈ ಕಷ್ಟ ಹೊಸದೇನಲ್ಲ. ಮೊದಲು ಕಲ್ಲಿನಂತೆ ಕಂಡ ಪದ್ಯ ನಾಲ್ಕನೆಯ ಓದಿಗೆ ಬಾಯಿಬಿಡುತ್ತದಲ್ಲ, ಹಾಗೆಯೇ ಇದು.

2014ರಲ್ಲಿ ಪ್ಯಾರಡೈಸ್ ಲಾಸ್ಟ್ ಬಲ್ಗೇರಿಯಾದ ಪ್ಲೋವ್‌ಡಿವ್ ನಗರದ ಪ್ರಾಚೀನ ರೋಮನ್ ರಂಗಮಂದಿರದಲ್ಲಿ ಪೂರ್ಣ ವಾದ್ಯವೃಂದ, ಗಾಯಕವೃಂದಗಳೊಡನೆ ನುಡಿಸಿತು. ರೋಮನ್ನು ಸೂರೆ ಮಾಡಿದವರ ಹೆಸರಿನ ಸಂಗೀತ ರೋಮನ್ನರು ಕಟ್ಟಿದ ಕಲ್ಲಿನ ಮೆಟ್ಟಿಲುಗಳ ನಡುವೆ ಮೊಳಗಿತು. ಇತ್ತ ಬ್ರ್ಯಾಡ್‌ಫರ್ಡಿನ ಲಿಸ್ಟರ್ ಗಿರಣಿಯಲ್ಲಿ ಈಗ ಚೊಕ್ಕಟ ಅಪಾರ್ಟ್‌ಮೆಂಟುಗಳಿವೆ. ಕಟ್ಟಡದ ಹೊರಗೋಡೆಗಳನ್ನು ಜತನದಿಂದ ಕಾಪಾಡಿದ್ದಾರೆ. ಆ ಗೋಡೆಗಳ ಒಳಗೆ ದುಡಿದು, ಕೆಲಸ ಕಳೆದುಕೊಂಡು ಮನೆಗೆ ಹೋದವರ ಮಕ್ಕಳ ಕಾಲದಲ್ಲಿ ಆ ಊರುಗಳಿಗೆ ಹೇಗನ್ನಿಸಿತ್ತು ಎಂಬುದನ್ನು ಯಾವ ಪಾರಂಪರಿಕ ಫಲಕವೂ ಹೇಳುವುದಿಲ್ಲ. ಅದು ಬೇಕಿದ್ದರೆ ಈ ಆಲ್ಬಮುಗಳನ್ನೇ ಕೇಳಬೇಕು.